ಅವ್ವನ ‘ಹೂಂ’ಗೆ ಮೂರು ಪ್ರತಿ

ಜಾಗ ಮುಗಿಯಿತಂತೆ! ಗುಡಗೇರಿಯಲ್ಲಿ ಅಷ್ಟು ದೊಡ್ಡ ಮನೆ, ಹಿತ್ತಲು, ಎತ್ತು ಮಾರಿದ ಮೇಲೆ ಖಾಲಿ ಬಿದ್ದ ಕೊಟ್ಟಿಗೆ, ಇಷ್ಟೆಲ್ಲ ಇರುವ ಮನುಷ್ಯನಿಗೆ ಬೆಳಗಾದರೆ ಫೋನು ಹೇಳುತ್ತದೆ: ‘ನಿಮ್ಮ ಜಾಗ ಮುಗಿಯಿತು, ಇನ್ನೂ ಬೇಕಿದ್ದರೆ ತಿಂಗಳಿಗಿಷ್ಟು ಕೊಡಿ.’ ಫೋಟೋ ನಮ್ಮವು, ಮುಖ ನಮ್ಮವು. ಬಾಡಿಗೆ ಮಾತ್ರ ಮುಖವೇ ಇಲ್ಲದ ಯಾವುದೋ ಕಂಪನಿಗೆ! ನಾನು ವಾರಪತ್ರಿಕೆಯ ಅಂಕಣಕಾರ. ಗಟಾರದಿಂದ ಸರ್ಕಾರದವರೆಗೆ ಬೈಯದೆ ಬಿಟ್ಟದ್ದೇ ಇಲ್ಲ. ‘ನೆನಪಿಗೂ ಬಾಡಿಗೆಯೇ?’ ಎಂದು ಕೆಂಡ ಕಾರಿ ಬರೆದೆ.

ಫೋನು ಅದನ್ನು ಓದಲಿಲ್ಲ. ಮರುದಿನವೂ ಜಾಗ ಮುಗಿದೇ ಇತ್ತು.

ಅಷ್ಟರಲ್ಲಿ ಕುಬಿಹಾಳದಿಂದ ಅಕ್ಕ ಮಲ್ಲಕ್ಕ ಬಂದಳು. ಕೈಯಲ್ಲಿ ಅವಳ ಹಳೆಯ ಫೋನು. ಬ್ಯಾಟರಿ ಪೂರಿಯಂತೆ ಉಬ್ಬಿ, ಬೆನ್ನಿನ ಮುಚ್ಚಳ ಬಾಯಿ ಬಿಟ್ಟಿತ್ತು.

“ಇದರಾಗ ಅವ್ವ ಅದಾಳೋ ತಮ್ಮಾ,” ಎಂದಳು.

ಅವ್ವ ತೀರಿಹೋಗಿ ಎರಡು ವರ್ಷ. ಇದ್ದಾಗ ದಿನಾ ಮಧ್ಯಾಹ್ನ ಊಟವಾದ ಮೇಲೆ ಅಕ್ಕನೊಡನೆ ಫೋನಿನಲ್ಲಿ ಮಾತು. ಬಂದ ಕರೆ, ಮಾಡಿದ ಕರೆ ಎಲ್ಲವನ್ನೂ ತಾನೇ ರೆಕಾರ್ಡ್ ಮಾಡಿಕೊಳ್ಳುವ ಚಟ ಆ ಫೋನಿಗಿತ್ತಂತೆ. ಕ್ಯಾಮೆರಾ ಕಂಡರೆ ಸೆರಗು ಮುಖಕ್ಕೆಳೆದುಕೊಂಡು ಒಳಗೆ ಹೋಗುತ್ತಿದ್ದವಳು ಅವ್ವ. ಅವಳ ದನಿ ಜಗತ್ತಿನಲ್ಲಿ ಉಳಿದದ್ದು ಆ ಉಬ್ಬಿದ ಫೋನಿನಲ್ಲಿ ಮಾತ್ರ.

ತಕ್ಷಣ ಮಹಾಸಭೆ ಕೂಡಿತು.

“ಪೆನ್‌ಡ್ರೈವಿನಾಗ ಹಾಕಿ ಕೊಡ್ತೇನಿ, ಮುಗೀತು,” ಎಂದ ತಮ್ಮ ಕಾಶಿನಾಥ. ಬಾಜೂ ಮನೆಯಲ್ಲೇ ಬೇರೆ ಸಂಸಾರ ಹೂಡಿದವನು, ಊರಲ್ಲಿ ಮೊಬೈಲ್ ಅಂಗಡಿ ಇಟ್ಟವನು.

“ನಿಮ್ಮ ಲಗ್ನದ ವಿಡಿಯೋದ ಪೆನ್‌ಡ್ರೈವ್ ಎಲ್ಲೈತಿ ಕಾಶಣ್ಣಾ?” ಎಂದಳು ನನ್ನ ಹೆಂಡತಿ ಶಾಂಭವಿ. (ಅದು ಅಂಗಿಯ ಕಿಸೆಯಲ್ಲಿದ್ದು ವಾಷಿಂಗ್ ಮಷೀನಿನಲ್ಲಿ ಪರಮ ಪರಿಶುದ್ಧವಾಗಿತ್ತು.)

“ಹಂಗಾರ ಮನ್ಯಾಗ ಇಡೂ ಸ್ಟೋರೇಜ್ ಡಬ್ಬಿ ತರೂಣು. ಒಳಗ ಎರಡು ಡಿಸ್ಕ್ ಇರತಾವು. ಒಂದರಾಗ ಹಾಕಿದ್ದು ಇನ್ನೊಂದರಾಗೂ ಬೀಳತೈತಿ. ವೈಫೈಗೆ ಜೋಡಿಸಿದ್ರ ಎಲ್ಲಾರ ಫೋನಿನಾಗೂ ಕಾಣತೈತಿ.”

“ಸಿಡಿಲು ಬಡದು ಡಬ್ಬೀನ ಸುಟ್ರ?”

“ಅದಕ್ಕ ಮೂರನೇ ಪ್ರತಿ ಬ್ಯಾರೆ ಊರಾಗ ಇಡೂದು. ಅಕ್ಕನ ಮನ್ಯಾಗ.”

ಇದನ್ನು ಅವನಿಂದ ಕಲಿಯಬೇಕಿತ್ತೇ? ಬೀಜದ ಜೋಳಕ್ಕೆ ಬೂದಿ ಕಲಸಿ, ಎರಡು ಗಡಿಗೆಗೆ ತುಂಬಿ, ಒಂದನ್ನು ಪ್ರತಿ ವರ್ಷ ಕುಬಿಹಾಳಕ್ಕೆ ಕಳಿಸುತ್ತಿದ್ದಳು ಅವ್ವ. ಇಲ್ಲಿ ಹುಳ ಬಿದ್ದರೆ ಅಲ್ಲಿಂದ ತರಬಹುದು ಎಂದು.

ಹುಬ್ಬಳ್ಳಿಯಿಂದ ಡಬ್ಬಿ ಬಂತು. ಕಾಶಿನಾಥ ಅಕ್ಕನ ಫೋನಿನ ಕರೆಗಳನ್ನೆಲ್ಲ ಅದಕ್ಕಿಳಿಸಿ, ಎಲ್ಲರ ಹೆಸರು ಹಚ್ಚಿದ. ನೋಡುತ್ತೇನೆ, ಅಕ್ಕನ ಹೆಸರಿನ ಮುಂದೆ: ನೋಡಬಹುದು, ಮುಟ್ಟುವಂತಿಲ್ಲ!

ನೆತ್ತಿಗೇರಿತು. “ಹೊಲದ ಹಕ್ಕು ಬಿಟ್ಟೇನಿ ಅಂತ ಸಹಿ ಹಾಕಿಸ್ಕೊಂಡಿದ್ದು ಸಾಲಲಿಲ್ಲೇನಲೇ? ಅವ್ವನ ದನಿಯಾಗೂ ಪಾಲಿಲ್ಲೇನು ಹೆಣ್ಮಗಳಿಗೆ? ಪೂರಾ ಅಧಿಕಾರ ಕೊಡು! ಅಕೀನ್ನ ಕೇಳದ ಯಾರೂ ಏನೂ ಅಳಸಬಾರದು!”

“ಅಣ್ಣಾ, ಒಂದೀಟು ವಿಚಾರ ಮಾಡು.”

“ನ್ಯಾಯಕ್ಕ ವಿಚಾರ ಬೇಕಿಲ್ಲ!”

ಶಾಂಭವಿ ಹಣೆ ಬಡಿದುಕೊಂಡಳು. ಕಾಶಿನಾಥ ಅಧಿಕಾರ ಬರೆದುಕೊಟ್ಟ.

ರವಿವಾರ ಎಲ್ಲರೂ ಟೀವಿಯ ಮುಂದೆ. ನಾನು ಪೆನ್ನು ಹಿಡಿದು ಸನ್ನದ್ಧ; ಅವ್ವನ ನುಡಿಮುತ್ತುಗಳು ನಾಡಿಗೆ ಸಲ್ಲಬೇಕಲ್ಲ!

ಮೊದಲ ಕರೆ. ಅಕ್ಕನ ದನಿ: ಅತ್ತೆ, ನಾದಿನಿ, ಎಮ್ಮೆ, ಮತ್ತೆ ಅತ್ತೆ. ಅವ್ವ: “ಹೂಂ.”

ಎರಡನೆಯದು. “ಹೂಂ… ಮತ್ತ?”

ಮೂರನೆಯದೂ ಹೂಂ.

“ಅಕ್ಕಾ, ಅವ್ವಗ ಬಾಯಿ ತಗ್ಯಾಕ ಬಿಟ್ಟ ಇಲ್ಲಲ್ಲ ನೀ!” ಎಂದ ಕಾಶಿನಾಥ.

“ನಾ ಹೇಳಾಕ ಫೋನ್ ಮಾಡತಿದ್ದೆ, ಕೇಳಾಕಲ್ಲ,” ಎಂದಳು ಅಕ್ಕ.

ಆದರೂ ಯಾರೂ ಏಳಲಿಲ್ಲ. ಹೂಂ ಹಿಂದೆ ಮೊರದಲ್ಲಿ ಕಾಳು ಹಸನು ಮಾಡುವ ಸದ್ದು. ಕಲ್ಲು ಸಿಕ್ಕಾಗ ಮೊರ ನಿಲ್ಲುತ್ತಿತ್ತು, ಎಸೆದು ಮತ್ತೆ ಸರ್ರ್. ಹಳೆಯ ತಲಬಾಗಿಲಿನ ಕಿರ್ರ್ (ಅದನ್ನು ಕೀಳಿಸಿ ಕಬ್ಬಿಣದ್ದು ಹಾಕಿಸಿದ ಪ್ರಗತಿಪರ ನಾನೇ). ದೂರದ ಟೇಶನ್ನಿನಲ್ಲಿ ಗಾಡಿಯ ಸಿಳ್ಳು. ಅತ್ತೆಯ ಸುದ್ದಿಗೆ ಒಂದು ಹೂಂ, ಮೊಮ್ಮಗಳ ಜ್ವರಕ್ಕೆ ಬೇರೆಯೇ ಹೂಂ. ಶಾಂಭವಿ ಕಣ್ಣೊರೆಸಿಕೊಂಡಳು. ನನ್ನ ಹಾಳೆ ಖಾಲಿಯೇ ಇತ್ತು.

ಆಗ ಒಂದು ಕರೆಯಲ್ಲಿ ಅಕ್ಕ ಕೇಳಿದಳು: “ಈಗ ನಿದ್ದಿ ಬರತೈತೇನ ಬೇ?”

“ಗುಳಿಗಿ ಬಿಟ್ಟೇನವಾ,” ಎಂದಿತು ಅವ್ವನ ದನಿ. “ಮಡಿವಾಳೆಪ್ಪ ಪೇಪರಿಗೆ ಬರೀತಾನಲ್ಲ, ಅದನ್ನ ಶಾಂಭವಿ ಓದಿ ಹೇಳತಾಳ. ಅಗದಿ ಛಲೋ ನಿದ್ದಿ ಬರತೈತಿ.”

ಮಡಿವಾಳೆಪ್ಪ ಎಂದರೆ ನಾನು. ಇಡೀ ಭಂಡಾರದಲ್ಲಿ ಅವ್ವನ ಪೂರ್ಣ ವಾಕ್ಯಗಳು ಇವಿಷ್ಟೇ.

ಕಾಶಿನಾಥ ಅದನ್ನು ಅಂಗಡಿಯಲ್ಲೂ ಕೇಳಿಸಿದನೆಂದು ಕಾಣುತ್ತದೆ. ಸಂತೆಯಲ್ಲಿ ಒಬ್ಬ ಕೈ ಮುಗಿದ: “ಸರ್ರ, ನಮ್ಮವ್ವಗೂ ನಿದ್ದಿಲ್ರಿ. ನಿಮ್ಮ ಹಳೇ ಪೇಪರ್ ಇದ್ರ ನಾಕು ಕೊಡ್ರಿ.”

ಅಳಿಸು ಎಂದು ತಮ್ಮನ ಮೇಲೆ ಹರಿಹಾಯ್ದೆ. “ಅಕ್ಕನ್ನ ಕೇಳು, ಪೂರಾ ಅಧಿಕಾರ ಅಕೀದು,” ಎಂದ.

ಮಧ್ಯಾಹ್ನ ಊಟವಾದ ಮೇಲೆ ಕುಬಿಹಾಳಕ್ಕೆ ಫೋನ್ ಹಚ್ಚಿದೆ. ಲೇಖಕನ ಮರ್ಯಾದೆ, ಪತ್ರಿಕೆಯ ಘನತೆ, ಓದುಗರ ವಿಶ್ವಾಸ, ಎಲ್ಲವನ್ನೂ ಗುಡುಗಿದೆ.

“ಹೂಂ,” ಎಂದಳು ಅಕ್ಕ.

ಇನ್ನಷ್ಟು ಗುಡುಗಿದೆ.

“ಹೂಂ… ಮತ್ತ?”

ಅವಳ ಹಿಂದೆ ಮೊರ ಸರ್ರೆನ್ನುತ್ತಿತ್ತು. ನಿಂತಿತು. ಮತ್ತೆ ಶುರುವಾಯಿತು. ನನ್ನ ದನಿ ತಾನಾಗಿ ಇಳಿಯಿತು. ಮೊಣಕಾಲ ನೋವು ಹೇಳಿದೆ, ಸಂಪಾದಕ ನನ್ನ ಅರ್ಧ ಅಂಕಣ ಕತ್ತರಿಸಿದ್ದು ಹೇಳಿದೆ, ಶಾಂಭವಿ ಸಾರಿಗೆ ಉಪ್ಪು ಕಡಿಮೆ ಮಾಡಿದ್ದನ್ನೂ ಹೇಳಿದೆ. ಎಷ್ಟು ಹೊತ್ತಾಯಿತೋ.

“ಮುಗೀತೇನೋ?”

“ಇಲ್ಲ ಬೇ,” ಎಂದೆ.

“ಉಳದದ್ದು ನಾಳಿ ಹೇಳು. ನನಗ ಅಗದಿ ಛಲೋ ನಿದ್ದಿ ಬರಾಕತ್ತೈತಿ.”