ಕಾಕಾನ ಕಿಸೆಯೊಳಗಿನ ಅಳು

ಇಳಕಲ್ಲಿನಲ್ಲಿ ಯಮನಿಗಿಂತ ಮೊದಲು ಬಾಗಿಲಿಗೆ ಬರುವವರು ಯಾರಾದರೂ ಇದ್ದರೆ ಅದು ನಮ್ಮ ಕಾಕಾ! ಹೀಗೆಂದವರು ವೈರಿಗಳಲ್ಲ, ಅವರ ಹೆಂಡತಿ, ನಮ್ಮ ಕಾಕು. ಕಾಕಾ ನನ್ನ ತಂದೆಗೆ ದೂರದ ಸಂಬಂಧದಲ್ಲಿ ತಮ್ಮ. ದಿನವಿಡೀ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುವ ಸಾಧು ಮನುಷ್ಯ. ಆದರೆ ಬಿಳಿ ಅಂಗಿ ತೊಟ್ಟು, ಎದೆಯ ಕಿಸೆ ಉಬ್ಬಿಸಿಕೊಂಡು ಓಣಿಗೆ ಇಳಿದರೋ, ಹಾಸಿಗೆ ಹಿಡಿದವರೆಲ್ಲ ಎದ್ದು ಕೂತು ಗಂಜಿ ಕೇಳುತ್ತಿದ್ದರು. ಒಂದು ಮನೆಯ ಮುಂದೆ ನಿಂತು "ಅಜ್ಜಾರು ಆರಾಮ ಅದಾರೇನ್ರಿ?" ಎಂದು ವಿಚಾರಿಸಿದ್ದಕ್ಕೆ, ತಿಂಗಳಿಂದ ಏಳದಿದ್ದ ಅಜ್ಜ ತಾವೇ ಎದ್ದು ಬಂದು ಕದ ಹಾಕಿಕೊಂಡರಂತೆ. ದವಾಖಾನೆಯ ಗುಳಿಗೆಗೆ ಈ ಗುಣ ಎಲ್ಲಿಂದ ಬರಬೇಕು?

ಕಿಸೆಯಲ್ಲಿದ್ದದ್ದು ಅಂಗೈಯಗಲದ ಟೇಪ್ ರೆಕಾರ್ಡರ್. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ. ಹುನಗುಂದದಿಂದ ಬಾದಾಮಿಯವರೆಗೆ ನಮ್ಮ ಬಳಗದಲ್ಲಿ ಯಾರು ತೀರಿಕೊಂಡರೂ ಕಾಕಾ ಹಾಜರ್. ನಮ್ಮ ಕಡೆ ಹೆಂಗಸರು ಹೆಣದ ಮುಂದೆ ಸುಮ್ಮನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಮೊದಲು ಸತ್ತವರ ಗುಣಗಾನ. ಆಮೇಲೆ ಒಬ್ಬೊಬ್ಬಳೂ ಎಂದೋ ಹೋದ ತನ್ನವರನ್ನು ಕರೆಯುತ್ತಾಳೆ. ಒಂದು ಹೆಣದ ಸುತ್ತ ಹತ್ತಾರು ಸತ್ತವರು ಬಂದು ಕೂತಂತಾಗಿ, ನಡುಹಗಲ ಬಿಸಿಲಲ್ಲೂ ಬೆನ್ನು ತಣ್ಣಗಾಗುತ್ತದೆ. ಉಳಿದ ಗಂಡಸರು ಹೊರಗೆ ಬೀಡಿ ಸೇದುತ್ತಿದ್ದರೆ, ಕಾಕಾ ಮಾತ್ರ ಬಾಗಿಲ ಪಕ್ಕದ ಗೋಡೆಗೆ ಒರಗಿ, ಆ ಹಾಡು ತುಂಬಿಕೊಳ್ಳಲು ಯಂತ್ರ ಹಚ್ಚಿ, ಎದೆನೋವು ಬಂದವರಂತೆ ಕಿಸೆಯ ಮೇಲೆ ಕೈಯಿಟ್ಟುಕೊಂಡು ನಿಂತಿರುತ್ತಿದ್ದರು.

ಒಮ್ಮೆ ಕುಳಗೇರಿ ಕ್ರಾಸಿನಲ್ಲಿ ಬಸ್ಸು ಹತ್ತುವ ನೂಕಾಟಕ್ಕೆ ಕಿಸೆಯೊಳಗಿನ ಗುಂಡಿ ಒತ್ತಿಹೋಯಿತು. ಒಳಗೆ ಹಳೆಯ ಕ್ಯಾಸೆಟ್ಟು. ಕೂತ ಕೂಡಲೇ ಹೆಣ್ಣಿನ ಅಳು ಶುರು! ಬಾಯಿ ಮುಚ್ಚಿಕೊಂಡು ಕೂತ ಗಂಡಸಿನ ಎದೆಯೊಳಗಿಂದ ಹೆಂಗಸೊಬ್ಬಳು ಅತ್ತರೆ ಪಕ್ಕದಲ್ಲಿ ಯಾರು ತಾನೇ ಕೂಡುತ್ತಾರೆ? ಸೀಟು ಖಾಲಿಯಾಯಿತು. ಕಂಡಕ್ಟರ್ ದೂರದಿಂದಲೇ ಟಿಕೆಟ್ಟು ಚಾಚಿದ. ಕಾಕಾ ಆರಿಸಲು ಕೈ ಹಾಕಿದಾಗ ಮುಂದಿನ ಸೀಟಿನ ಮುದುಕಿ ತಿರುಗಿ ನೋಡಿ, "ಬಂದ್ ಮಾಡಬ್ಯಾಡೋ ಯಪ್ಪಾ. ನಮ್ಮಕ್ಕನ ದನಿ ಅದು. ಅಕಿ ಹೋಗಿ ವರ್ಷಾತು" ಎಂದಳು. ಕೆರೂರು ಬರುವವರೆಗೂ ಆ ಬಸ್ಸಿನಲ್ಲಿ ಸತ್ತವಳೊಬ್ಬಳು ಅಳುತ್ತಲೇ ಇದ್ದಳು.

ಈ ಹುಚ್ಚು ಯಾಕೆ? ಕಾರಣ ತಿಳಿಯುವವರೆಗೆ ನಾನೂ ಎಲ್ಲರ ಜೊತೆ ನಕ್ಕವನೇ. ಕಾಕಾ ತೊಟ್ಟಿಲಲ್ಲಿದ್ದಾಗಲೇ ಅವರ ತಾಯಿ ತೀರಿಕೊಂಡಿದ್ದಳು. ಒಂದು ಫೋಟೋ ಕೂಡ ಇರಲಿಲ್ಲ. ಅವರನ್ನು ಸಾಕಿದ್ದು ಆ ತಾಯಿಯ ತಂಗಿ, ನಾವೆಲ್ಲ ಚಿಗವ್ವ ಎಂದು ಕರೆಯುವ ಮುದುಕಿ. ಅಕ್ಕ ಹೇಗಿದ್ದಳೆಂದು ಕೇಳಿದರೆ, ದೀಪ ಹಚ್ಚುವ ಮನೆಯಲ್ಲಿ ಸತ್ತವರ ಮಾತು ಬೇಡವೆಂದು ಎದ್ದು ಹೋಗುತ್ತಿದ್ದಳು. ಆದರೆ ಬೇರೆಯವರ ಹೆಣದ ಮುಂದೆ ಕೂತಾಗ ಮಾತ್ರ ಅಕ್ಕನನ್ನೇ ಹಾಡುತ್ತಿದ್ದಳು.

"ಒಂದೊಂದ ಸಾವಿಗೆ ನಮ್ಮವ್ವ ಚೂರುಚೂರ ಸಿಗತಾಳ" ಎಂದರು ಕಾಕಾ. ಗುಡೂರಿನ ಸಾವಿನಲ್ಲಿ ಅವ್ವನ ಮೂಗುಬೊಟ್ಟು ಸಿಕ್ಕಿತ್ತು. ಅಮೀನಗಡದಲ್ಲಿ, ನೂಲು ಹೊತ್ತು ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯನ್ನು ಅವಳು ಎಡಗೈಯಿಂದ ಎಸೆಯುತ್ತಿದ್ದ ಸಂಗತಿ. ಕೂಡಲಸಂಗಮದಲ್ಲಿ, ಹೊಳೆ ಕಂಡರೆ ಅವಳಿಗಿದ್ದ ಅಂಜಿಕೆ.

ಎಡವಟ್ಟಾದದ್ದು ಬಾದಾಮಿಯಲ್ಲಿ. ನಮ್ಮವರ ರೂಢಿಯಂತೆ ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಚಿಗವ್ವ, "ತೊಟ್ಟಿಲ ಕೂಸಿಗೆ ಏನಂತ ಕರೀತಿದ್ದಿ ನನ್ನಕ್ಕಾ" ಎಂದು ರಾಗ ಎಳೆದಳು. ಕಾಕಾ ಉಸಿರು ಬಿಗಿಹಿಡಿದರು. ಅಷ್ಟರಲ್ಲಿ ಕ್ಯಾಸೆಟ್ಟು ಮುಗಿದು ಗುಂಡಿ ಜಿಗಿಯಿತು: ಟಕ್! ಹೆಣದ ದವಡೆ ಆಡಿತೆಂದು ಜನ ಹೌಹಾರಿದರು. ಒಬ್ಬ ಅದರ ಮೂಗಿಗೆ ಹತ್ತಿ ಹಿಡಿದ. ಮಾವನವರು ಎದ್ದರೇನು ಎಂದು ಸೊಸೆ ಕೇಳಿದ ದನಿಯಲ್ಲಿ ಸಂತೋಷವಂತೂ ಇರಲಿಲ್ಲ! ಚಿಗವ್ವ ಮಾತ್ರ ಕಾಕಾನತ್ತ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಾಯಿ ಕರೆಯುತ್ತಿದ್ದ ಹೆಸರು ಒಳಗೇ ಉಳಿಯಿತು.

ಮರುದಿನವೇ ಕಾಕಾ ನನ್ನನ್ನು ಬಾಗಲಕೋಟೆಗೆ ಎಳೆದುಕೊಂಡು ಹೋದರು. ಸದ್ದು ಮಾಡದ ಹೊಸ ಯಂತ್ರ ಬೇಕಿತ್ತು. ಅಂಗಡಿಯವನು ತೋರಿಸಿದ್ದರಲ್ಲಿ ಒಂದು ಕಿಸೆಗೆ ದಪ್ಪ, ಒಂದರ ಗಾಲಿ ಕಿರುಗುಟ್ಟಿತು, ಇನ್ನೊಂದು ಗುಂಡಿ ಒತ್ತಿದರೆ ಕುಂಯ್ ಎಂದಿತು. ಕಾಕಾ ಪ್ರತಿಯೊಂದನ್ನೂ ಕಿಸೆಗಿಟ್ಟುಕೊಂಡು, ಗೋಡೆಗೆ ಒರಗಿ, ಕಣ್ಣು ಮುಚ್ಚಿ ಪರೀಕ್ಷೆ ಮಾಡಿದರು. ಅಂಗಡಿಯವನಿಗೆ ಅನುಮಾನ ಹತ್ತಿತು. "ಯಾರನ್ನ ಹಿಡಿಯೂದೈತ್ರಿ? ಲಂಚ ತಗೊಳ್ಳಾವ್ರನ್ನೇನು?"

"ಅಲ್ಲರಿ. ಸತ್ತ ಮನಿಗೆ ಬೇಕಾಗೇತಿ."

ಅವನು ಒಂದು ಹೆಜ್ಜೆ ಹಿಂದಕ್ಕಿಟ್ಟ. ಕ್ಯಾಸೆಟ್ಟೇ ಇಲ್ಲದ, ಬೆಂಕಿಪೊಟ್ಟಣಕ್ಕಿಂತ ತುಸು ಉದ್ದದ ಡಿಜಿಟಲ್ ರೆಕಾರ್ಡರನ್ನು ಬೆರಳ ತುದಿಯಿಂದ ಮುಂದೆ ಸರಿಸಿದ. ಸದ್ದಿಲ್ಲ, ಟಕ್ ಇಲ್ಲ. ಕುಂದು ಒಂದೇ: ಹಚ್ಚಿದರೆ ಕೆಂಪು ದೀಪ ಹತ್ತುತ್ತಿತ್ತು. ತೆಳು ಅಂಗಿಯೊಳಗಿಂದ ಅದು ಕಾಣದೇ ಇದ್ದೀತೆ? ಕಾಕಾ ಮನೆಗೆ ಬಂದವರೇ ಕಾಕು ಕನ್ನಡಿಗೆ ಅಂಟಿಸಿದ್ದ ಹಣೆಯ ಕರಿ ಟಿಕಳಿಯನ್ನು ಕಿತ್ತು ದೀಪದ ಮೇಲೆ ಅಂಟಿಸಿದರು. ಯಂತ್ರಕ್ಕೆ ಮುತ್ತೈದೆಯ ಕಳೆ ಬಂತು!

ಯಂತ್ರವೇನೋ ಬಂತು, ಸಾವು ಬರಬೇಕಲ್ಲ? ಬಳಗಕ್ಕೆ ಬಳಗವೇ ಗುಂಡುಕಲ್ಲಿನಂತೆ ಗಟ್ಟಿಯಾಗಿ ಕೂತುಬಿಟ್ಟಿತು. ಬಂದ ಒಂದೆರಡು ಸಾವುಗಳಲ್ಲೂ ಚಿಗವ್ವ ತೊಟ್ಟಿಲ ತನಕ ಬಂದು ಹಾಡನ್ನು ಬೇರೆ ಕಡೆ ಹೊರಳಿಸುತ್ತಿದ್ದಳು. ದಿನೇ ದಿನೇ ಆಕೆಯ ದನಿ ಸವೆಯುತ್ತಿತ್ತು. ಮುದುಕಿ ಹೋದರೆ ಹೆಸರೂ ಹೋಯಿತೆಂದು ಕಾಕಾ ಚಡಪಡಿಸುತ್ತಿದ್ದರು.

ಆದರೆ ಮೊದಲು ಹೋದವರು ಕಾಕಾ. ಒಂದು ಬೆಳಿಗ್ಗೆ ಮಗ್ಗದ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಕಾಕು ಹೋಗಿ ನೋಡಿದರೆ ಅರ್ಧ ನೇಯ್ದ ಸೀರೆಯ ಮೇಲೆ ತಲೆಯಿಟ್ಟಿದ್ದರು.

ಅದೇ ಬಿಳಿ ಅಂಗಿ ತೊಡಿಸಿ ಪಡಸಾಲೆಯಲ್ಲಿ ಕೂಡಿಸಿದೆವು. ಆ ಕಿಸೆ ಬರಿದಾಗಿದ್ದುದನ್ನು ನನ್ನಿಂದ ನೋಡಲಾಗಲಿಲ್ಲ. ಯಂತ್ರವನ್ನು ತಂದು, ಹಚ್ಚಿ, ಒಳಗಿಟ್ಟೆ. ಚಿಗವ್ವ ಬಂದು ಎದುರಿಗೆ ಕೂತಳು, ಹಾಡಲಿಲ್ಲ. ಹೆಂಗಸರು ಕಾದರು. ಆಕೆ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದಳು.

"ಹಚ್ಚೀಯೇನು?"

ತಲೆಯಾಡಿಸಿದೆ.

"ಟಿಕಳಿ ತಗಿ. ಹತ್ತಿದ್ದು ನನಗ ಕಾಣಬೇಕು."

ಎಂದಿನಿಂದ ಗೊತ್ತಿತ್ತೋ ಈ ಮುದುಕಿಗೆ! ನನ್ನ ಮುಖ ನೋಡಿ ತಾನೇ ಹೇಳಿದಳು. "ಅವನ ಸಲುವಾಗೇ ಹಾಡತಿದ್ನಿ. ಹೆಸರಷ್ಟ ಹೇಳಲಿಲ್ಲ. ಸತ್ತ ತಾಯಿ ಕರದ ಹೆಸರು ಮಗನ ಕಿವಿಗೆ ಬಿದ್ರ ಅಕಿ ಕರಕೊಂಡ ಹೋಗತಾಳಂತ ಅಂಜಿಕಿ. ಬಾದಾಮ್ಯಾಗ ಬಾಯಿಗೆ ಬಂದಿತ್ತು, ಆ ಟಕ್ ಅಂದದ್ದು ಉಳಿಸ್ತು. ಇನ್ನೇನು, ಕರಕೊಳ್ಳಲಿ."

ಟಿಕಳಿ ಕಿತ್ತೆ. ಬಿಳಿ ಅಂಗಿಯೊಳಗೆ ಕೆಂಪು ದೀಪ ಕಂಡಿತು. ಅದನ್ನೇ ನೋಡುತ್ತ ಚಿಗವ್ವ ಶುರು ಮಾಡಿದಳು. ತೊಟ್ಟಿಲಲ್ಲಿ ಒಂದು ಗಳಿಗೆ ಸುಮ್ಮನಿರದೆ ಆ ಬದಿಗೊಮ್ಮೆ ಈ ಬದಿಗೊಮ್ಮೆ ಹೊರಳುತ್ತಿದ್ದ ಕೂಸನ್ನು ಅದರ ತಾಯಿ "ನನ್ನ ಲಾಳಿ" ಎಂದು ಕರೆಯುತ್ತಿದ್ದಳಂತೆ. ನನಗೆ ಅಳು ತಡೆಯಲಾಗಲಿಲ್ಲ. ಕಾಕಾ ಎಂದಿನಂತೆ ಗೋಡೆಗೆ ಒರಗಿ, ಕಿಸೆಯಲ್ಲಿ ಯಂತ್ರ ಇಟ್ಟುಕೊಂಡು, ಕೇಳುತ್ತ ಕೂತಿದ್ದರು.