ಮೀನಿಲ್ಲದ ಸೈಕಲ್ಲು

ಆರೋಗ್ಯಕ್ಕೆಂದು ಸೈಕಲ್ ತುಳಿದು ಆರೋಗ್ಯ ಕೆಡಿಸಿಕೊಂಡವರು ನಮ್ಮ ಕುಂದಾಪುರದ ಕಡೆ ಯಾರಾದರೂ ಇದ್ದರೆ ಅದು ನನ್ನ ತಮ್ಮ. ಆ ಸ್ಥಾನವನ್ನೂ ಅವನು ಬೇರೆಯವರಿಗೆ ಬಿಟ್ಟುಕೊಡುವವನಲ್ಲ.

ಮುಂಬೈಯ ಹೋಟೆಲಿನಲ್ಲಿ ಮೂವತ್ತು ವರ್ಷ ಗಲ್ಲಾದ ಹಿಂದೆ ಕೂತು ಅವನು ಸಂಪಾದಿಸಿದ್ದು ದೊಡ್ಡ ಹೊಟ್ಟೆ, ಜೊತೆಗೆ ಎದೆನೋವು. ಊರಿಗೆ ಬಂದ ಮೇಲೆ ಡಾಕ್ಟರು ಸ್ಟೆಂಟ್ ಹಾಕಿದರು. ದಿನಾ ಮುಕ್ಕಾಲು ಗಂಟೆ ಸೈಕಲ್ ತುಳಿ, ಆದರೆ ತುಳಿಯುತ್ತಾ ಮಾತಾಡಲು ಆಗುವಷ್ಟೇ ವೇಗ ಇರಲಿ ಎಂದರು. ಅವನ ಮಗಳು ಕ್ಯಾರಿಯರಿರುವ ಗೇರಿನ ಸೈಕಲ್ಲನ್ನೂ ಎದೆಬಡಿತ ಎಣಿಸುವ ವಾಚನ್ನೂ ತಂದುಕೊಟ್ಟಳು. ಬಡಿತ ಹೆಚ್ಚಾದರೆ ಆ ವಾಚು ಕಿರುಚಿಕೊಳ್ಳುತ್ತದೆ.

ಬಸ್ರೂರಿನ ರಸ್ತೆಯಲ್ಲಿ ಬಿಗಿ ಚಡ್ಡಿಯ ಹುಡುಗರು "ಗುಡ್ ಮಾರ್ನಿಂಗ್ ಅಂಕಲ್" ಎಂದು ದಾಟಿಕೊಂಡು ಹೋದರೆ ಅವನಿಗೇನೂ ಬೇಸರವಿಲ್ಲ. ಆದರೆ ಹಿಂದಿನಿಂದ ಮೀನು ಮಾರುವವನ ಸ್ಕೂಟರು "ಪೋಂಯ್" ಎಂದಿತೋ, ಮುಗಿಯಿತು! ಹಾಳಾದ ಕಾಲು ತಾನಾಗಿಯೇ ಓಡುತ್ತದೆ. ಏಕೆಂದರೆ ಮುಂಬೈಗೆ ಹೋಗುವ ಮೊದಲು ಇವನೂ ಸೈಕಲ್ಲಿನಲ್ಲಿ ಮೀನು ಮಾರುತ್ತಿದ್ದವನೇ. ಊರಿಗೆ ಮೊದಲು ಮುಟ್ಟಿದವನ ಬುಟ್ಟಿ ಖಾಲಿ. ಎರಡನೆಯವನ ಮೀನು ಅವನ ಮನೆಯ ಬೆಕ್ಕಿಗೆ.

ಪಾಪ, ಸ್ಕೂಟರಿನವನಿಗೆ ತಾನು ಪಂದ್ಯದಲ್ಲಿದ್ದೇನೆ ಎಂಬುದೇ ಗೊತ್ತಿಲ್ಲ! ಒಂದು ದಿನ ಅವನು ಮನೆಮನೆಗೂ ನಿಂತು ಬಂಗುಡೆ ಕೊಡುವಷ್ಟರಲ್ಲಿ ಇವನು ಗುಲ್ವಾಡಿ ಮುಟ್ಟಿದ. ಅಲ್ಲಿ ದೂರದಿಂದ ಸ್ಕೂಟರಿನ ಹಾರ್ನ್ ಕೇಳಿ ಹೊರಗೆ ಬಂದ ಹಳೇ ಗಿರಾಕಿ ಅಜ್ಜಿಯೊಬ್ಬಳು ಇವನ ಗುರುತು ಹಿಡಿದು ಪಾತ್ರೆ ಚಾಚಿದಳಂತೆ. ಮೀನಿಲ್ಲ ಎಂದದ್ದಕ್ಕೆ, "ಮೀನ್ ಇಲ್ದೆ ಇಷ್ಟ್ ಗಡಿಬಿಡಿ ಎಂತಕ್ಕೆ ಮಾರಾಯ?" ಎಂದಳಂತೆ.

ವಾಚು ಕಿರುಚುವುದು ಹೆಚ್ಚಾದಾಗ ಅದನ್ನು ಬಿಚ್ಚಿ ಚಡ್ಡಿಯ ಕಿಸೆಗೆ ಹಾಕಿದ. ಇದೇನೋ ಎಂದು ನಾನು ಗದರಿದರೆ ಅವನು, "ಡಾಕ್ಟ್ರ್ ಹೇಳಿದಾಂಗೆ ಮಾತಾಡ್ಕಂಡೇ ಹೋದ್ದ್ ಅಕ್ಕ" ಎಂದ. ಮಾತಾಡಿದ್ದು ನಿಜ. ದಾರಿಯುದ್ದಕ್ಕೂ ಸ್ಕೂಟರಿನವನಿಗೆ ಬೈದದ್ದು!

ಹೋದ ತಿಂಗಳು ಒಂದು ಬೆಳಿಗ್ಗೆ ಬಂದವನೇ ಮೆಟ್ಟಿಲ ಮೇಲೆ ಕುಸಿದ. ಮುಖ ಬೂದಿ, ಕೈ ಎದೆಯ ಮೇಲೆ. ಆಗಲೂ ಹೇಳಿದ್ದೇನು? ಸ್ಕೂಟರಿನವನು ಬಸ್ರೂರಿನಲ್ಲೇ ಹಿಂದೆ ಬಿದ್ದ ಎಂದು. ಆಸ್ಪತ್ರೆಯಲ್ಲಿ ಡಾಕ್ಟರು, ಇನ್ನೊಮ್ಮೆ ಹೀಗಾದರೆ ನನ್ನ ಹತ್ತಿರ ತರುವ ಅಗತ್ಯವೇ ಬರಲಿಕ್ಕಿಲ್ಲ ಎಂದರು. ಸೈಕಲ್ಲನ್ನು ಗುಜರಿಗೆ ಹಾಕುತ್ತೇನೆ ಎಂದು ನಾನೂ ಕೂಗಾಡಿದೆ.

ಆಮೇಲೆ ನೆನಪಾಯಿತು. ಅಪ್ಪ ಹಾಸಿಗೆ ಹಿಡಿದ ವರ್ಷ ಬುಟ್ಟಿ ಕಟ್ಟಿ, ಮೇಲೆ ಎಲೆ ಮುಚ್ಚಿ, ಕ್ಯಾರಿಯರು ಹಿಡಿದು ದಿನಾ ದೂಡುತ್ತಿದ್ದವಳು ನಾನೇ. ಬೇಗ ಹೋಗು, ಮೀನು ಕೆಡುತ್ತದೆ ಎಂದು. ಅವನು ಎರಡನೆಯವನಾದ ದಿನ ನಮ್ಮ ಮನೆಯಲ್ಲಿ ಗಂಜಿ ನೀರಾಗುತ್ತಿತ್ತು. ಆ ಕಾಲಿಗೆ ಓಟ ಕಲಿಸಿದವಳು ಬೇರೆ ಯಾರು?

ಡಾಕ್ಟರು ಮತ್ತೆ ತುಳಿಯಬಹುದು ಎಂದ ದಿನ ಗಂಟು ನೋವಿನ ಕಾಲೆಳೆದುಕೊಂಡು ರಸ್ತೆಯವರೆಗೆ ಹೋದೆ. ವಾಚನ್ನು ಅವನ ಕೈಗೆ ನಾನೇ ಕಟ್ಟಿದೆ. ಹಿಂದಿನಂತೆಯೇ ಕ್ಯಾರಿಯರು ಹಿಡಿದೆ.

"ಮೆಲ್ಲ ಹೋಗಾ. ಬುಟ್ಟಿಯಗೆ ಮೀನ್ ಇಲ್ಲೆ."

ಅವನು ತಿರುಗಿ ಖಾಲಿ ಕ್ಯಾರಿಯರನ್ನು ಒಮ್ಮೆ ನೋಡಿದ. ಹೊರಟ. ಸ್ವಲ್ಪ ಹೊತ್ತಿಗೆ ಸ್ಕೂಟರು ಹಾರ್ನ್ ಹಾಕುತ್ತಾ ಅವನನ್ನು ದಾಟಿತು. ಅವನು ಬಲಗೈ ಎತ್ತಿ, ಹೋಗು ಎಂದು ದಾರಿ ಬಿಟ್ಟ. ಅವನು ಕಣ್ಣಿಗೆ ಮರೆಯಾಗುವವರೆಗೂ ನಾನು ನಿಂತೇ ಇದ್ದೆ. ಬಹಳ ಹೊತ್ತು ಕಂಡ.