ಕಡ್ಡಿ ಊಟದ ಪಂಥ

“ಕಡ್ಡೀಲಿ ಉಣ್ಣೋದು ಏನ್ ಮಹಾ! ಇರೋದು ಎರಡು ಕಡ್ಡಿ, ಹಿಡಿಯೋಕೆ ಐದು ಬೆರಳು. ಬೆರಳೇ ಜಾಸ್ತಿ ಆದ್ವಲ್ರೀ!”

ಶಿರಾಳಕೊಪ್ಪದ ಸಂತೆಯ ನಟ್ಟನಡುವೆ ಉಡುತಡಿಯ ಪರಮಶಿವಪ್ಪ ಈ ಘೋಷಣೆ ಹೊರಡಿಸಿದಾಗ ಕೇಳಿಸಿಕೊಳ್ಳಲು ಜನ ಬೇಕಾದಷ್ಟಿದ್ದರು. ಯಾರ ಮುಂದೆ ಜಂಬ ಕೊಚ್ಚಬಾರದಿತ್ತೋ ಅವನೂ ಎದುರಿಗೇ ಇದ್ದ. ಅವನೇ ಸೊರಬದ ಸದಾಶಿವಪ್ಪ, ಪರಮಶಿವಪ್ಪನ ಹೆಂಡತಿ ನೀಲಾಂಬಿಕಳ ಖಾಸಾ ಅಣ್ಣ.

ವಿಷಯ ಇಷ್ಟೇ. ಆ ವರ್ಷ ಪರಮಶಿವಪ್ಪ ಜಪಾನಿ ಪದ್ಧತಿಯಲ್ಲಿ ಹಗ್ಗ ಹಿಡಿದು, ಸಾಲು ಸಾಲಾಗಿ ಭತ್ತ ನಾಟಿ ಮಾಡಿ ತಾಲ್ಲೂಕಿಗೇ ಮೊದಲ ಬಹುಮಾನ ಹೊಡೆದಿದ್ದ. ಆ ಗದ್ದೆ ನೋಡಲು ಸಾಕ್ಷಾತ್ ಜಪಾನಿನ ಬೇಸಾಯ ಪಂಡಿತರೊಬ್ಬರು ಬರುವವರಿದ್ದರು. ಮೊರಿತಾ ಎಂದು ಹೆಸರು. ವರ್ಷದಿಂದ ಶಿವಮೊಗ್ಗದಲ್ಲಿ ಬಿಡಾರ ಹೂಡಿ ಕನ್ನಡವನ್ನೂ ಒಂದಿಷ್ಟು ಕಲಿತಿದ್ದರಂತೆ. ಗದ್ದೆ ಭಾವನದಾದರೂ ಊಟ ಮಾತ್ರ ಸೊರಬದ ತನ್ನ ಮನೆಯಲ್ಲೇ ಆಗಬೇಕೆಂದು ಸದಾಶಿವಪ್ಪ ಹೊಂಚು ಹಾಕಿದ್ದ. ಅದನ್ನು ತಪ್ಪಿಸಲೆಂದೇ ಪರಮಶಿವಪ್ಪ ಈ ಕಡ್ಡಿಯ ಮಾತು ತೆಗೆದದ್ದು.

“ಅವರು ಕಡ್ಡೀಲಿ ಉಣ್ಣೋ ಜನ ಭಾವ. ಪಕ್ಕದಲ್ಲಿ ಕೂತು ಕಡ್ಡೀಲೇ ಉಣ್ಣೋರಿದ್ರೆ ಅವರಿಗೂ ಸಂಕೋಚ ಇರಲ್ಲ. ನಿಮ್ಮನೇಲಿ ಅಂಥೋರು ಯಾರಿದಾರೆ?”

“ನಿಮ್ಮನೇಲಿ ಯಾರಿದಾರೆ?”

“ನಾನಿದೀನಲ್ಲ!”

“ಹಂಗಾರೆ ಪಂಥ!” ಸದಾಶಿವಪ್ಪ ತೊಡೆ ತಟ್ಟಿದ. “ಪೂರ್ತಿ ಊಟ ಕಡ್ಡೀಲೇ ಆಗ್ಬೇಕು. ನಿಮ್ಮ ಕೈ ಅನ್ನಕ್ಕೆ ತಾಗಿತೋ, ಬರೋ ಸಂತೇಲಿ ಇದೇ ಜಾಗದಾಗೆ ನಿಂತ್ಕಂಡು ‘ಸೊರಬದೋರೇ ಜಾಣರು’ ಅಂತ ಕೂಗ್ಬೇಕು. ತಾಗದೇ ಇದ್ರೆ ‘ಉಡುತಡಿಯೋರೇ ಜಾಣರು’ ಅಂತ ನಾನು ಕೂಗ್ತೀನಿ!”

ಇಡೀ ಸಂತೆ ಸಾಕ್ಷಿಯಾಯಿತು. ಪರಮಶಿವಪ್ಪ ಮೀಸೆ ತಿರುವುತ್ತ ಮನೆಗೆ ಬಂದ. ಆ ಕಡ್ಡಿಗಳನ್ನು ತಾನು ಜನ್ಮದಲ್ಲೇ ಕಂಡಿಲ್ಲ ಎಂಬುದು ಅವನಿಗೆ ನೆನಪಾದದ್ದು ಹೊಸ್ತಿಲು ದಾಟಿದ ಮೇಲೆ!

ನೀಲಾಂಬಿಕ ಎಲ್ಲವನ್ನೂ ಕೇಳಿ ಸೊಂಟಕ್ಕೆ ಕೈಯಿಟ್ಟಳು. “ಬಾಯಿಗೆ ಹೋದ ಕಡ್ಡಿ ಎಲೆಗೆ, ಎಲೆಯಿಂದ ಮತ್ತೆ ಬಾಯಿಗೆ! ಎಂಜಲು ಅಂತ ಒಂದಿದೆ, ಗೊತ್ತೇನ್ರೀ?”

“ಅದು ಅವರ ದೇಶದ ಪದ್ಧತಿ ಕಣೇ.”

“ದೇಶ ಅವರದ್ದಿರಬಹುದು, ನೆಲ ಸಾರಿಸೋಳು ನಾನು. ಆ ಎಂಜಲು ಕಡ್ಡಿ ನನ್ನ ನೆಲಕ್ಕೆ ತಾಗಿತೋ, ನೋಡಿ ಮತ್ತೆ!”

ಗುರು ಸಿಕ್ಕಿದ್ದು ಹಿಂದಿನ ಬೀದಿಯಲ್ಲೇ. ಯುದ್ಧದ ಕಾಲದಲ್ಲಿ ಪಲ್ಟನ್ ಸೇರಿ ಬರ್ಮಾಕ್ಕೆ ಹೋಗಿ, ಅಲ್ಲಿ ಕಡ್ಡಿ ಊಟವನ್ನೂ ಕಂಡು ಬಂದ ಗುಡ್ಡಪ್ಪ ಬಿದಿರು ಸೀಳಿ, ಹೆರೆದು, ನುಣ್ಣಗೆ ಎರಡು ಜೊತೆ ಕಡ್ಡಿ ಮಾಡಿಕೊಟ್ಟ. ಜಗಲಿಯ ಮೇಲೆ ಪಾಠ ಶುರುವಾಯಿತು.

“ಕೆಳಗಿನ ಕಡ್ಡಿ ಹೆಬ್ಬೆಟ್ಟಿನ ಬುಡದಾಗೆ ಭದ್ರವಾಗಿ ಕೂತಿರ್ಬೇಕು. ಅದು ಅಲ್ಲಾಡಂಗಿಲ್ಲ, ಮನೆ ಯಜಮಾನ ಇದ್ದಂಗೆ. ಮೇಲಿನದು ಬೆರಳ ತುದೀಲಿ ಇರ್ಬೇಕು. ಓಡಾಡೋದು, ಕೆಲಸ ಮಾಡೋದು ಎಲ್ಲ ಅದೇ.”

“ಗೊತ್ತಾಯ್ತು ಬಿಡಿ, ಅದು ಹೆಂಡ್ತಿ ಇದ್ದಂಗೆ!” ಎಂದು ಒಳಗಿನಿಂದ ನೀಲಾಂಬಿಕಳ ದನಿ ಬಂತು.

ಯಜಮಾನ ಅಲ್ಲಾಡುತ್ತಿದ್ದ, ಹೆಂಡತಿ ಜಾರುತ್ತಿದ್ದಳು, ನಡುವಿನ ಕಡಲೆಕಾಳು ಹಾರಿ ಬೆಕ್ಕಿನ ಮೂತಿಗೆ ಬಡಿಯುತ್ತಿತ್ತು. ಆದರೂ ಪರಮಶಿವಪ್ಪನಿಗೆ ಸಿಟ್ಟು ಬರಲಿಲ್ಲ, ಕುತೂಹಲ ಹುಟ್ಟಿತು. ಇಡೀ ಒಂದು ದೇಶ ಇದರಲ್ಲೇ ಹೊಟ್ಟೆ ತುಂಬ ಉಣ್ಣುತ್ತದೆ ಎಂದರೆ ಇದರಲ್ಲಿ ಏನೋ ಮರ್ಮ ಇರಲೇಬೇಕು! ಗಟ್ಟಿ ಹಿಡಿದರೆ ಕಾಳು ಹಾರುತ್ತದೆ, ಸಡಿಲ ಬಿಟ್ಟರೆ ಬೀಳುತ್ತದೆ. ಕಡ್ಡಿಯ ತುದಿಗಳೆರಡೂ ಸಮವಾಗಿರಬೇಕು. ಇದನ್ನೆಲ್ಲ ಅವನೇ ಕಂಡುಹಿಡಿದು ಒಳಗೊಳಗೇ ಹಿಗ್ಗಿದ. ಊಟವನ್ನೂ ಕಡ್ಡಿಯಲ್ಲೇ ಮಾಡುತ್ತೇನೆಂದು ಹಟ ಹಿಡಿದು ಅರೆಹೊಟ್ಟೆಯಲ್ಲಿ ಏಳತೊಡಗಿದ. ಅಂಗಿ ಸಡಿಲವಾಯಿತು. ಕೊನೆಗೊಂದು ಬೆಳಗ್ಗೆ ಅವರೆಕಾಳೊಂದು ಕಡ್ಡಿಯ ನಡುವೆ ಸುಮ್ಮನೆ ಕೂತು ಸೀದಾ ಬಾಯಿ ಸೇರಿತು. ಬಹುಮಾನ ಬಂದ ದಿನವೂ ಅವನು ಅಷ್ಟು ಕುಣಿದಿರಲಿಲ್ಲ!

ಮೊರಿತಾ ಸಾಹೇಬರು ಬಂದರು, ಗದ್ದೆ ನೋಡಿದರು, ಮೆಚ್ಚಿದರು. ಪರಮಶಿವಪ್ಪನ ನಡುಮನೆಯಲ್ಲಿ ಬಾಳೆ ಎಲೆ ಬಿತ್ತು. ಎದುರಿನ ಎಲೆಗೆ ಸದಾಶಿವಪ್ಪ ಕೂತ. ಅವನಿಗೆ ತನ್ನ ಎಲೆಯ ಕಡೆ ಲಕ್ಷ್ಯವೇ ಇಲ್ಲ, ಕಣ್ಣೆಲ್ಲ ಭಾವನ ಬಲಗೈ ಮೇಲೆ. ಬಿದಿರಿನ ಕಡ್ಡಿ ಕಂಡು ಸಾಹೇಬರ ಮುಖ ಅರಳಿತು.

ನೀಲಾಂಬಿಕ ಮೊದಲು ಬಡಿಸಿದ್ದು ಒತ್ತು ಶಾವಿಗೆ, ಬಟ್ಟಲಲ್ಲಿ ಬೆಲ್ಲದ ಕಾಯಿಹಾಲು. ಎಂಥ ಜಾಣ್ಮೆ! ಕಡ್ಡಿಗೆಂದೇ ಹುಟ್ಟಿದ ತಿಂಡಿ ಅದು. ಪರಮಶಿವಪ್ಪ ಎಳೆ ಎತ್ತಿದ, ಅದ್ದಿದ, ನುಂಗಿದ. “ಬಹಳ ಸರಿಯಾಗಿ ಹಿಡಿದಿದ್ದೀರಿ!” ಎಂದರು ಸಾಹೇಬರು. ಪರಮಶಿವಪ್ಪ ಎದೆಯುಬ್ಬಿಸಿ ಭಾವನ ಕಡೆ ನೋಡಿದ.

“ಶಾವಿಗೆ ಲೆಕ್ಕಕ್ಕಿಲ್ಲ! ಅನ್ನ ಬಡಿಸೇ ನೀಲಾ!” ಎಂದು ಸದಾಶಿವಪ್ಪ ಗದರಿದ.

ಅನ್ನ ಬಂತು, ಸಾರು ಬಂತು, ಹೋಳಿಗೆ ಬಂತು. ಸಾಹೇಬರು ಅರ್ಧ ಹೋಳಿಗೆ ತಿಂದು “ಸಾಕು” ಎಂದರು. ಸಾಕು ಎಂಬ ಮಾತನ್ನು ನಮ್ಮ ಸೀಮೆಯಲ್ಲಿ ಯಾವ ಯಜಮಾನ ಕಿವಿಗೆ ಹಾಕಿಕೊಂಡಾನು? “ಎಲ್ಲಾದ್ರೂ ಉಂಟಾ ಸಾಹೇಬ್ರೆ! ನಮ್ಮ ಕೈಯಿಂದ ಒಂದು ಚೂರು!” ಎನ್ನುತ್ತ ಪರಮಶಿವಪ್ಪ ಹೋಳಿಗೆಯ ತುಂಡೊಂದನ್ನು ತನ್ನ ಕಡ್ಡಿಯಲ್ಲೇ ಹಿಡಿದು ಚಾಚಿದ.

“ಅಯ್ಯೋ, ಎಂಜಲು!” ಎಂದು ನೀಲಾಂಬಿಕ ಚೀರಿದಳು.

ಬೇಡ ಬೇಡವೆಂದು ಸಾಹೇಬರು ಕಡ್ಡಿ ಅಡ್ಡ ಹಿಡಿದರು. ಹೋಳಿಗೆ ಇಬ್ಬರ ಕಡ್ಡಿಗಳ ನಡುವೆ ಸಿಕ್ಕಿಕೊಂಡು ನಿಂತಿತು. ಸಾಹೇಬರ ಮುಖ ಬಿಳಿಚಿತು.

“ಏನಾಯ್ತು ಸಾಹೇಬ್ರೆ?”

“ನಮ್ಮಲ್ಲಿ ಕಡ್ಡಿಯಿಂದ ಕಡ್ಡಿಗೆ ಕೊಡುವುದು ಒಂದೇ ದಿನ,” ಎಂದರು ಮೊರಿತಾ ಮೆಲ್ಲಗೆ. “ಸತ್ತವರನ್ನು ಸುಟ್ಟ ಮೇಲೆ, ಮೂಳೆ ಆರಿಸುವ ದಿನ.”

ಸತ್ತವರನ್ನು ಹೂಳುವ ಮನೆತನದ ಪರಮಶಿವಪ್ಪನಿಗೆ ಮೂಳೆ ಆರಿಸುವ ಸುದ್ದಿ ಹೇಗೆ ಗೊತ್ತಿರಬೇಕು! ಕೈಮುಗಿದು ತಪ್ಪೊಪ್ಪಿಕೊಳ್ಳೋಣವೆಂದರೆ ಕೈಯಲ್ಲಿ ಕಡ್ಡಿ. ನೆಲಕ್ಕಿಡೋಣವೆಂದರೆ ಎದುರಿಗೇ ನೀಲಾಂಬಿಕ. ಹಿಂದೆಮುಂದೆ ನೋಡದೆ ಎರಡನ್ನೂ ಅನ್ನದ ಗುಡ್ಡೆಗೆ ನೆಟ್ಟಗೆ ಚುಚ್ಚಿ ನಿಲ್ಲಿಸಿ, “ತಪ್ಪಾಯ್ತು ಸಾಹೇಬ್ರೆ!” ಎಂದು ಕೈಮುಗಿದ.

ಸಾಹೇಬರು ಅನ್ನದ ಕಡೆ ನೋಡಿ ಕಣ್ಣು ಮುಚ್ಚಿಕೊಂಡರು.

“ಇದೂ ತಪ್ಪಾ?” ಎಂದ ಪರಮಶಿವಪ್ಪ.

“ಹಾಗೆ ನೆಟ್ಟರೆ ಅದು ಸತ್ತವರ ಮುಂದೆ ಇಡುವ ಅನ್ನ.”

“ಆದ್ರೂ ಭಾವ,” ಎಂದ ಸದಾಶಿವಪ್ಪ, “ನಾಟಿ ಮಾತ್ರ ಜಪಾನಿ ಪದ್ಧತೀಲೇ ಆಗೈತೆ. ಸಾಲು ಸ್ವಲ್ಪಾನೂ ಸೊಟ್ಟ ಇಲ್ಲ!”

ಸಾಹೇಬರಿಗೆ ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಮೂಳೆ ಆರಿಸಿದಿರಿ, ಅನ್ನ ಇಟ್ಟಿರಿ. ನನ್ನದು ಎಲ್ಲಾ ಮುಗಿಯಿತು. ಇನ್ನು ನಿಮ್ಮ ಹಾಗೆ ಕೈಯಲ್ಲಿ ಉಣ್ಣಬಹುದಾ?” ಎಂದವರೇ ಕಡ್ಡಿಯನ್ನು ಬಟ್ಟಲಿಗೆ ಹಾಕಿ, ಕೈ ತೊಳೆದು, ಸಾರನ್ನ ಕಲಸಿ ಸೊಗಸಾಗಿ ತುತ್ತು ಮಾಡಿದರು. ಆಮೇಲೆ ಪ್ರೀತಿಯಿಂದ, “ನೀವೂ ಕೈಯಲ್ಲೇ ಉಣ್ಣಿ. ಆಗ ನನಗೆ ಬೇಸರವಿಲ್ಲ ಎಂದು ನೀವು ನಂಬಿದ ಹಾಗೆ,” ಎಂದರು.

ಪರಮಶಿವಪ್ಪನ ಸಂಕಟ ಯಾರಿಗೆ ಬೇಕು! ಉಣ್ಣದಿದ್ದರೆ ಅತಿಥಿಯ ಮಾತು ಮೀರಿದಂತೆ, ಉಂಡರೆ ಸಂತೆಯಲ್ಲಿ ಮಾನ ಹೋದಂತೆ. ಸದಾಶಿವಪ್ಪ ರೆಪ್ಪೆಯನ್ನೂ ಬಡಿಯಲಿಲ್ಲ. ಅಷ್ಟರಲ್ಲಿ ಸಾರಿನ ಒಗ್ಗರಣೆ ಘಮ್ಮೆಂದಿತು. ಅರೆಹೊಟ್ಟೆಯಲ್ಲಿ ಕಳೆದ ದಿನಗಳೆಲ್ಲ ಒಟ್ಟಿಗೆ ಎದ್ದು ಕೂತವು. ಕೈ ತಾನಾಗಿಯೇ ಅನ್ನಕ್ಕೆ ಬಿತ್ತು!

“ಕೈ ಹಾಕಿದ್ರು! ಸಾಹೇಬ್ರೆ, ನೀವೇ ಸಾಕ್ಷಿ! ಭಾವ, ಬರೋ ಸಂತೇಲಿ…”

ಪರಮಶಿವಪ್ಪ ಸಂತೆಯವರೆಗೆ ಕಾಯಲಿಲ್ಲ. ಬಾಯಿ ತುಂಬ ಅನ್ನ ಇಟ್ಟುಕೊಂಡೇ, “ಸೊರಬದೋರೇ ಜಾಣರು! ಸೊರಬದೋರೇ ಜಾಣರು! ಸಾಕಾ? ಈಗ ಸಾರು ಹಾಕೇ ಮಾರಾಯ್ತಿ!” ಎಂದು ಕೂಗಿದ.

ಸೊರಬದ ಮಗಳು ನೀಲಾಂಬಿಕ ಸೌಟನ್ನು ಅಲ್ಲೇ ತಡೆದು ಹಿಡಿದಳು.

“ಮದುವೆಯಾಗಿ ಇಷ್ಟು ವರ್ಷಕ್ಕೆ ಈ ಮಾತು ನಿಮ್ಮ ಬಾಯಲ್ಲಿ ಬಂತಲ್ರೀ! ಇನ್ನೊಂದ್ಸಲ ಅನ್ನಿ, ಆಮೇಲೆ ಸಾರು.”